ಕಾಂಫ್ರಿಗೊಂದು ಮೂಲೆ

(ಇಂಗ್ಲೆಂಡಿನ ಕವೆಂಟ್ರಿ ಊರಿನ ಅಂಚಿನಲ್ಲಿ ಒಂದು ಅಲಾಟ್‌ಮೆಂಟ್. ಊರಿನ ಕೌನ್ಸಿಲ್ಲು ಮನೆಯ ಹತ್ತಿರ ಜಾಗ ಇಲ್ಲದವರಿಗೆ ತರಕಾರಿ ಬೆಳೆದುಕೊಳ್ಳಲು ವರ್ಷದ ಬಾಡಿಗೆಗೆ ಕೊಡುವ ನೆಲ. ಒಂದು ಪೂರ್ತಿ ತುಂಡು ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಮೇ ತಿಂಗಳು. ತೀರ್ಥಹಳ್ಳಿ ಕಡೆಯಿಂದ ಬಂದ, ಅಡಿಕೆ ತೋಟದ ಸೋದರಮಾವ; ಇಲ್ಲಿ ನೆಲೆಸಿರುವ ಅವರ ಸೊಸೆ.)

ಮಾವ: ಆ ಮೂಲೆಯಲ್ಲಿ ಏನದು, ಹೊಗೆಸೊಪ್ಪು ಹಾಕಿದ್ದೀಯಾ?

ಸೊಸೆ: ಇದು ಕಾಂಫ್ರಿ, ಮಾವ. ಎಲೆಯ ಅಗಲ ನೋಡಿದ್ರೆ ಹಾಗೇ ಕಾಣ್ತದೆ. ಮುಟ್ಟಿ ನೋಡಿ, ಆದ್ರೆ ಮೆಲ್ಲಗೆ.

ಮಾವ: ಅಯ್ಯೋ, ಎಷ್ಟು ಸುಂಕು ಮಾರಾಯ್ತಿ ಇದಕ್ಕೆ! ನಮ್ಮ ತುರಿಚೆ ಸೊಪ್ಪಿನ ಸಂಬಂಧವಾ?

ಸೊಸೆ: ಅಲ್ಲ. ಉರಿ ಬರೋದಿಲ್ಲ, ಬರೀ ಕೆರೆತ. ಕೊಯ್ಯುವಾಗ ಉದ್ದ ತೋಳಿನ ಅಂಗಿ, ಕೈಗವಸು ಬೇಕೇ ಬೇಕು. ಸಂಬಂಧ ಹುಡುಕೋದಾದ್ರೆ ಚಳ್ಳೆಹಣ್ಣಿನ ಮರ ಇದರ ದೂರದ ನೆಂಟ. ಗದ್ದೆ ಬದುವಿನಲ್ಲಿ ಚೇಳಿನ ಬಾಲದ ಹಾಗೆ ಹೂವಿನ ಗೊಂಚಲು ಸುರುಳಿ ಸುತ್ತಿಕೊಂಡಿರುವ ಗಿಡ ಇದೆಯಲ್ಲ, ಅದು ಇನ್ನೊಂದು. ಇದರ ಹೂವನ್ನೂ ನೋಡಿ, ಅದೇ ಸುರುಳಿ.

ಮಾವ: ಹೌದಲ್ಲ. ಹೂವು ಚೆಂದ ಇದೆ, ನೀಲಿ ನೇರಳೆ ಗಂಟೆಗಳು. ಜೇನು ಬಂದಿದೆ... ಇದು ಜೇನಲ್ಲ, ದುಂಬಿ. ಅದು ಹೂವಿನ ಬಾಯಿಗೆ ಹೋಗ್ತಾ ಇಲ್ಲ, ಬುಡಕ್ಕೆ ಹೋಗ್ತಾ ಇದೆ.

ಸೊಸೆ: ಕಳ್ಳ ಅದು! ಗಂಟೆ ಉದ್ದ, ಅದರ ನಾಲಿಗೆ ಗಿಡ್ಡ. ಹೂವಿನ ಬುಡಕ್ಕೆ ತೂತು ಕಚ್ಚಿ ಮಕರಂದ ಹೀರ್ತದೆ. ಉದ್ದ ನಾಲಿಗೆಯ ದುಂಬಿ ಸರಿಯಾಗಿ ಕೆಳಗಿನಿಂದ ಬಾಯಿ ಹಾಕ್ತದೆ. ಆಮೇಲೆ ಬರುವ ಜೇನುನೊಣಗಳು ಕಳ್ಳ ಕೊರೆದಿಟ್ಟ ತೂತಿನಲ್ಲೇ ಬಾಯಿ ಇಡ್ತವೆ. ಹೂವಿನ ಬುಡ ಬಿಡಿಸಿ ನೋಡಿದ್ರೆ ತೂತು ಸ್ಪಷ್ಟ ಕಾಣ್ತದೆ.

ಮಾವ: ಅದೆಲ್ಲ ಸರಿ. ತಿನ್ನೋದಕ್ಕಾ ಇದು?

ಸೊಸೆ: ತಿನ್ನೋದಕ್ಕಲ್ಲ. ಸೊಪ್ಪು ಹಾಕೋದಕ್ಕೆ. ನೀವು ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ಹೊರಿಸ್ತೀರಲ್ಲ, ನನಗೆ ಇಲ್ಲಿ ಬೆಟ್ಟ ಇಲ್ಲ, ದನದ ಕೊಟ್ಟಿಗೆಯೂ ಇಲ್ಲ. ಇರೋ ಎರಡೂವರೆ ಗುಂಟೆಯಲ್ಲೇ ಗೊಬ್ಬರದ ಸೊಪ್ಪೂ ಬೆಳೀಬೇಕು.

ಮಾವ: ಬೆಟ್ಟವನ್ನೇ ಮೂಲೆಗೆ ತಂದು ಇಟ್ಟುಕೊಂಡಿದ್ದೀಯ ಅನ್ನು. ಈ ಊರಿನವರಿಗೆ ಇದು ಮೊದಲಿಂದ ಗೊತ್ತಾ?

ಸೊಸೆ: ಕಾಡು ಜಾತಿ ಈ ದೇಶದ್ದೇ. ಹೊಳೆಯ ದಂಡೆ, ಚರಂಡಿ ಬದಿ, ಒದ್ದೆ ನೆಲ ಎಲ್ಲಿದ್ರೂ ಅಲ್ಲಿ ಬರ್ತದೆ. ತೋಟಕ್ಕೆ ಬಂದದ್ದು ಬೇರೆ, ರಷ್ಯನ್ ಕಾಂಫ್ರಿ ಅಂತಾರೆ. ಅದು ಬಂದ ಕತೆ ತಮಾಷೆ. ಎಸೆಕ್ಸ್‌ನ ಕಾಗ್ಗೆಶಾಲ್ ಅನ್ನೋ ಊರಿನಲ್ಲಿ ಹೆನ್ರಿ ಡಬಲ್‌ಡೇ ಅಂತ ಒಬ್ಬ ಇದ್ದ, 1810ರಲ್ಲಿ ಹುಟ್ಟಿದವನು, ಕ್ವೇಕರ್ ಪಂಥದವನು. ಅಂಚೆ ಚೀಟಿಗೆ ಗೋಂದು ಮಾಡುವ ಉದ್ಯೋಗ.

ಮಾವ: ಅಂಚೆ ಚೀಟಿಯ ಗೋಂದಿಗೂ ಈ ಸೊಪ್ಪಿಗೂ ಏನು ಸಂಬಂಧ?

ಸೊಸೆ: ಲೋಳೆ! ಬೇರನ್ನು ಕೊಯ್ದು ನೋಡಿ, ಇಗೋ. ಹೊರಗೆ ಇದ್ದಿಲಿನ ಕಪ್ಪು, ಒಳಗೆ ಬೆಳ್ಳಗೆ, ಬೆರಳಿಗೆ ಜಾರ್ತದೆ. ಗೋಂದಿನ ಕಚ್ಚಾಮಾಲು ಸರಿಯಾಗಿ ಸಿಗದೆ ಒದ್ದಾಡ್ತಿದ್ದ ಡಬಲ್‌ಡೇ, ಈ ಲೋಳೆಯಿಂದ ಅಂಟು ಮಾಡಬಹುದು ಅಂದುಕೊಂಡು 1870ರ ದಶಕದಲ್ಲಿ ರಷ್ಯಾದಿಂದ ಗಿಡ ತರಿಸಿದ. ಬಂದದ್ದು ಎರಡು ಜಾತಿ ಬೆರೆತ ಮಿಶ್ರತಳಿ. ಅಂಟು ಆಗಲಿಲ್ಲ, ಉದ್ಯೋಗ ಮುಳುಗಿತು. ಆದ್ರೆ ಸೊಪ್ಪು ಬರುವ ವೇಗ ನೋಡಿ ದಂಗಾದ. ಮನುಷ್ಯರಿಗೆ, ದನಗಳಿಗೆ ಹೊಟ್ಟೆ ತುಂಬಿಸುವ ಬೆಳೆ ಇದೇ ಅಂತ ನಂಬಿ 1902ರಲ್ಲಿ ಸಾಯುವ ತನಕ ಅದನ್ನೇ ಹಿಡಿದು ಕೂತ.

ಮಾವ: ಪಾಪ. ಆಮೇಲೆ?

ಸೊಸೆ: ಅರ್ಧ ಶತಮಾನ ಹೆಚ್ಚು ಜನ ಇದನ್ನು ಕೇಳಲಿಲ್ಲ. 1950ರ ದಶಕದಲ್ಲಿ ಲಾರೆನ್ಸ್ ಹಿಲ್ಸ್ ಅನ್ನೋ ತೋಟಗಾರಿಕೆ ಲೇಖಕರು ಅದೇ ಎಸೆಕ್ಸ್‌ನ ಬಾಕಿಂಗ್ ಅನ್ನೋ ಊರಿನಲ್ಲಿ ನೆಲ ಹಿಡಿದು ಪ್ರಯೋಗ ಶುರು ಮಾಡಿದರು. ಪ್ರಯೋಗಕ್ಕೆಂದು ಕಟ್ಟಿದ ಸಂಸ್ಥೆಗೂ ಡಬಲ್‌ಡೇ ಹೆಸರನ್ನೇ ಇಟ್ಟರು. ಸಿಕ್ಕಿದ ತಳಿಗಳನ್ನೆಲ್ಲ ಬೇರೆಬೇರೆ ಸಾಲಿನಲ್ಲಿ ನೆಟ್ಟು, ಬಾಕಿಂಗ್ 1, ಬಾಕಿಂಗ್ 2 ಅಂತ ನಂಬರು ಕೊಟ್ಟು, 21ರವರೆಗೆ ಹೋದರು. ಕೋಳಿಗೆ, ಪ್ರಾಣಿಗಳಿಗೆ ನಾಲ್ಕನೇ ನಂಬರು ಒಳ್ಳೇದು ಅಂದರು. ತೋಟದ ಗೊಬ್ಬರಕ್ಕೆ ಹದಿನಾಲ್ಕು. ಆ ಸಂಸ್ಥೆ 1985ರಲ್ಲಿ ಇಲ್ಲೇ, ಕವೆಂಟ್ರಿ ಪಕ್ಕದ ರೈಟನ್‌ಗೆ ಬಂತು. ಈಗ ಗಾರ್ಡನ್ ಆರ್ಗ್ಯಾನಿಕ್ ಅಂತಾರೆ.

ಮಾವ: ಇದು ಹದಿನಾಲ್ಕನೇದಾ?

ಸೊಸೆ: ಹದಿನಾಲ್ಕೇ. ಪೊಟ್ಯಾಷ್ ಜಾಸ್ತಿ, ಎಲೆಗೆ ಕಿತ್ತಳೆ ಬಣ್ಣದ ತುಕ್ಕು ರೋಗ ಬರೋದು ಕಡಿಮೆ. ಅದಕ್ಕಿಂತ ದೊಡ್ಡ ಗುಣ ಅಂದ್ರೆ ಬಂಜೆ. ಬೀಜ ಕಟ್ಟೋದಿಲ್ಲ. ಕಾಡು ಜಾತಿ ಬೀಜ ಉದುರಿಸಿ ಎಲ್ಲೆಂದರಲ್ಲಿ ಹುಟ್ಟಿಕೊಳ್ತದೆ. ನೆಲಕ್ಕೆ ಹಬ್ಬುವ ಗಿಡ್ಡ ಜಾತಿ ಒಂದಿದೆ, ಅದು ಮಗ್ಗುಲಿಗೇ ನಡೀತಾ ಹೋಗ್ತದೆ. ಇದು ಎರಡೂ ಅಲ್ಲ.

ಮಾವ: ಹಾಗಿದ್ರೆ ಆ ಪಕ್ಕದ ತುಂಡಿನವನು ಯಾಕೆ ಇದನ್ನು ನೋಡಿ ತಲೆ ಅಲ್ಲಾಡಿಸಿ ಹೋದ?

ಸೊಸೆ: ಅವನು ನನಗಿಂತ ಮುಂಚೆ ಈ ತುಂಡು ಮಾಡ್ತಿದ್ದವರ ಕಾಲ ನೋಡಿದವನು. ಅವರು ಗುಡಿಸಲಿನ ಹಿಂದೆ ಕಾಂಫ್ರಿ ಇಟ್ಟಿದ್ದರಂತೆ. ಒಂದು ವಸಂತದಲ್ಲಿ ಪೂರ್ತಿ ನೆಲ ಹದ ಮಾಡ್ತೇನೆ ಅಂತ ಟಿಲ್ಲರ್ ಬಾಡಿಗೆಗೆ ತಂದು, ಕಾಂಫ್ರಿಯ ಮೇಲೂ ಹೊಡೆಸಿದರು.

ಮಾವ: ಓಹೋ! ಕೊನ್ನಾರಿ ಗಡ್ಡೆಯ ಮೇಲೆ ನೇಗಿಲು ಹೊಡೆದ ಹಾಗೆ.

ಸೊಸೆ: ಅದೇ. ಬೇರು ಸಾವಿರ ಚೂರಾಯ್ತು, ಪ್ರತಿ ಚೂರೂ ಗಿಡ. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಚೂರು ಸಾಕು ಚಿಗುರೋದಕ್ಕೆ. ಕ್ಯಾರೆಟ್ ಮಡಿಯಲ್ಲಿ ಕಾಂಫ್ರಿ, ಈರುಳ್ಳಿ ಮಡಿಯಲ್ಲಿ ಕಾಂಫ್ರಿ. ಜನ ಇದು ಹಬ್ಬುವ ಗಿಡ ಅಂತ ಬೈತಾರೆ. ಹದಿನಾಲ್ಕನೇ ನಂಬರು ಪುದೀನದ ಹಾಗೆ ಮಣ್ಣಿನೊಳಗೆ ಓಡುವ ಜಾತಿಯೇ ಅಲ್ಲ. ಬುಡ ವರ್ಷವರ್ಷಕ್ಕೆ ಸ್ವಲ್ಪ ದಪ್ಪ ಆಗ್ತದೆ, ಅಷ್ಟೆ. ಇಟ್ಟಲ್ಲೇ ಇರ್ತದೆ. ಅದನ್ನು ಓಡಾಡಿಸೋದು ಗುದ್ದಲಿ, ಟಿಲ್ಲರ್, ಮತ್ತೆ ಬೇರಿನ ಚೂರು ಸೇರಿಸಿ ಸುರಿದ ಕಾಂಪೋಸ್ಟು.

ಮಾವ: ಕಿತ್ತು ಹಾಕಲಿಕ್ಕೆ ಆಗೋದೇ ಇಲ್ವಾ?

ಸೊಸೆ: ಎಳೇ ಗಿಡ ಆದ್ರೆ ಆಗ್ತದೆ. ಹಳೇ ಗಿಡದ ಬೇರು ಎರಡು ಮೀಟರ್ ಹತ್ತಿರ ಇಳಿದಿರ್ತದೆ, ಕೆಲವು ಮಣ್ಣಿನಲ್ಲಿ ಇನ್ನೂ ಆಳ. ಅಗೀತಾ ಹೋದ ಹಾಗೆ ಕ್ಯಾರೆಟ್ಟಿನ ಹಾಗೆ ಟಕ್ ಅಂತ ಮುರೀತದೆ, ಕೆಳಗೆ ಉಳಿದದ್ದು ಮೇಲೆ ಬರ್ತದೆ. ಹಾಗಾಗಿ ಆದಷ್ಟು ಅಗೆದು ತೆಗೆದು, ಮೇಲಕ್ಕೆ ದಪ್ಪ ರಟ್ಟು, ಅದರ ಮೇಲೆ ಬೆಳಕು ಬಿಡದ ಕಪ್ಪು ಹೊದಿಕೆ. ಕಡಿಮೆ ಅಂದ್ರೂ ಎರಡು ಬೇಸಿಗೆ ತೆಗೀಬಾರದು. ಅಂಚಿನಲ್ಲಿ ಇಣುಕುವ ಬಿಳಿ ಚಿಗುರನ್ನು ಆಗಾಗ ಚಿವುಟ್ತಾ ಇರಬೇಕು. ಆ ಕಡೆ ಕುಂಬಳದ ಸಸಿ ಇಟ್ಟಿದ್ದೇನಲ್ಲ, ಅದರ ಅಡಿಯಲ್ಲಿ ಇರೋದು ಆ ಹೊದಿಕೆಯೇ. ತೂತು ಮಾಡಿ ಕುಂಬಳ ಇಟ್ಟದ್ದು, ನೆಲ ಸುಮ್ಮನೆ ಯಾಕೆ ಬಿಡೋದು ಅಂತ.

ಮಾವ: ಸವರಿ ಸವರಿ ಸಾಯಿಸಲಿಕ್ಕೆ ಬರೋದಿಲ್ವಾ?

ಸೊಸೆ: ಕಷ್ಟ. ವರ್ಷಕ್ಕೆ ನಾಲ್ಕೈದು ಸಲ ಸವರಿಸಿಕೊಳ್ಳೋದೇ ಅದರ ಸ್ವಭಾವ, ಅಷ್ಟಕ್ಕೆ ಹೆದರೋದಿಲ್ಲ. ಸಾಯಿಸಬೇಕಾದ್ರೆ ಎಲೆ ಬಿಚ್ಚಲಿಕ್ಕೇ ಬಿಡಬಾರದು, ವಾರ ಎರಡು ವಾರಕ್ಕೊಮ್ಮೆ ಮಟ್ಟ ಮಾಡ್ತಾ ಇರಬೇಕು. ಕೆಲವರು ಗ್ಲೈಫೊಸೇಟ್ ಹೊಡೀತಾರೆ, ಒಂದು ಸಲಕ್ಕೆ ಮುಗಿಯೋದು ಅಪರೂಪ. ಅಗೆದ ಬೇರನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬಾರದು. ಸಿಮೆಂಟ್ ನೆಲದ ಮೇಲೆ ಒಣಗಿಸಿ ಕರುಕಲು ಮಾಡಬೇಕು. ಇಲ್ಲಿ ಬಿಸಿಲನ್ನು ನಂಬುವ ಹಾಗಿಲ್ಲ, ನಾನು ಮುಚ್ಚಳದ ಡ್ರಮ್ಮಿನಲ್ಲಿ ನೀರಿಗೆ ಹಾಕಿ ಕೊಳೆಸ್ತೇನೆ.

ಮಾವ: ಇಷ್ಟೆಲ್ಲ ಗೊತ್ತಿದ್ದೂ ಮತ್ತೆ ನೆಟ್ಟೆಯಲ್ಲ!

ಸೊಸೆ: ಜಾಗ ನೋಡಿ ನೆಟ್ಟೆ. ಈ ಮೂಲೆ ಬೇಲಿಗೂ ಗೊಬ್ಬರದ ಪೆಟ್ಟಿಗೆಗೂ ನಡುವೆ ಇದೆ. ಇಲ್ಲಿ ನಾನು ಮುಂದೆಯೂ ಏನೂ ಅಗೆಯೋದಿಲ್ಲ. ಒಮ್ಮೆ ನೆಟ್ಟರೆ ಇಪ್ಪತ್ತು ವರ್ಷ ಇರುವ ಗಿಡ, ಹಣ್ಣಿನ ಮರಕ್ಕೆ ಜಾಗ ನೋಡಿದ ಹಾಗೆ ನೋಡಬೇಕು. ಪೂರ್ತಿ ನೆರಳು ಆಗದು, ಸ್ವಲ್ಪ ಇದ್ರೆ ತಡೀತದೆ. ನೆಲ ಒದ್ದೆ ಇದ್ದಷ್ಟೂ ಖುಷಿ.

ಮಾವ: ನೆಡೋದು ಹೇಗೆ? ಬೀಜ ಇಲ್ಲ ಅಂದೆ.

ಸೊಸೆ: ಬೇರಿನ ತುಂಡು, ಇಲ್ಲವಾದ್ರೆ ಬುಡ ಒಡೆದ ಕಣ್ಣು. ಬೆರಳುದ್ದದ ಬೇರನ್ನು ಐದು ಸೆಂಟಿಮೀಟರ್ ಆಳಕ್ಕೆ ಮಲಗಿಸಿ ಮಣ್ಣು ಮುಚ್ಚಿದ್ರೆ ಮುಗೀತು. ಚಳಿಗಾಲದ ನಟ್ಟನಡುವೆ ಮಾತ್ರ ಬೇಡ, ಕೊಳೀತದೆ. ಗಿಡದಿಂದ ಗಿಡಕ್ಕೆ ಎರಡರಿಂದ ಮೂರು ಅಡಿ. ಮೊದಲ ವರ್ಷ ಆಸೆಗೆ ಬೀಳಬಾರದು, ಹೂವಿನ ದಂಟು ಬಂದ್ರೆ ತೆಗೆದು, ಬೇರು ಇಳಿಯಲಿಕ್ಕೆ ಬಿಡಬೇಕು. ಎರಡನೇ ವರ್ಷದಿಂದ ಎರಡಡಿ ಎತ್ತರ ಆದಾಗ, ನೆಲದಿಂದ ಮೂರು ಬೆರಳು ಬಿಟ್ಟು ಕುಡುಗೋಲಿನಲ್ಲಿ ಸವರೋದು. ಐದಾರು ವಾರಕ್ಕೆ ಮತ್ತೆ ಅಷ್ಟೇ ಎತ್ತರ. ಸೆಪ್ಟೆಂಬರಿಗೆ ಕೊನೆಯ ಕೊಯ್ಲು. ಆಮೇಲೆ ಬಂದ ಎಲೆ ಗಿಡಕ್ಕೇ ಸೇರಿದ್ದು, ಚಳಿಗಾಲ ಕಳೀಬೇಕಲ್ಲ.

ಮಾವ: ಕೊಯ್ದ ಸೊಪ್ಪು ನೇರ ಬುಡಕ್ಕಾ?

ಸೊಸೆ: ಮೊದಲ ಕೊಯ್ಲು ಆಲೂಗಡ್ಡೆಗೆ. ಏಪ್ರಿಲ್‌ನಲ್ಲಿ ಆಲೂಗಡ್ಡೆ ನೆಡುವ ಹೊತ್ತಿಗೆ ಸರಿಯಾಗಿ ಸೊಪ್ಪು ಬಂದಿರ್ತದೆ. ಒಂದು ದಿನ ಬಾಡಿಸಿ, ಸಾಲಿನ ತಳಕ್ಕೆ ಹಾಸಿ, ತೆಳ್ಳಗೆ ಮಣ್ಣು ಎಳೆದು, ಮೇಲೆ ಬೀಜದ ಗಡ್ಡೆ. ಇದರಲ್ಲಿ ನಾರು ಕಡಿಮೆ, ಒಣಹುಲ್ಲಿನ ಹಾಗೆ ಕೊಳೆಯೋದಕ್ಕೆ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳೋದಿಲ್ಲ. ದಪ್ಪ ಹೂದಂಟು ಮಾತ್ರ ಹಾಕಬಾರದು, ಹಸಿ ಇದ್ರೆ ಬೇರು ಬಿಡಬಹುದು. ಉಳಿದ ಕೊಯ್ಲು ಟೊಮೆಟೊಗೆ, ಬೀನ್ಸಿಗೆ. ಹೊದಿಕೆಯಾಗಿ ಹಾಕಿದ್ರೆ ಚಿಪ್ಪಿಲ್ಲದ ಬಸವನಹುಳಗಳು ಬಾಡಿದ ಎಲೆಗೆ ಮುತ್ತಿಕೊಳ್ತವೆ. ಬೆಳಗ್ಗೆ ಎಲೆ ಎತ್ತಿ ಹೆಕ್ಕಿ ಹಾಕ್ತೇನೆ.

ಮಾವ: ಆ ಗೋಡೆಗೆ ಕಟ್ಟಿದ ಪ್ಲಾಸ್ಟಿಕ್ ಪೈಪು ಎಂತಕ್ಕೆ? ಕೆಳಗೆ ಬಾಟಲಿ ಬೇರೆ ಇಟ್ಟಿದ್ದೀಯ.

ಸೊಸೆ: ಮುಚ್ಚಳ ತೆಗೀಬೇಡಿ ಮಾವ... ತೆಗೆದೇ ಬಿಟ್ರಾ.

ಮಾವ: ಥೂ! ಯಾವ ಹೆಣ ಇಟ್ಟಿದ್ದೀಯ ಒಳಗೆ?

ಸೊಸೆ: ಇದು ಕಡಿಮೆಯೇ, ನೀರಿಲ್ಲದ ವಿಧಾನ. ಸೊಪ್ಪನ್ನು ಪೈಪಿಗೆ ತುರುಕಿ, ಮೇಲಿಂದ ಭಾರ ಇಟ್ರೆ, ಕೆಲವು ವಾರಕ್ಕೆ ಕಪ್ಪು ಗಟ್ಟಿ ರಸ ತೊಟ್ಟಿಕ್ತದೆ. ಒಂದು ಪಾಲಿಗೆ ಹತ್ತರಿಂದ ಇಪ್ಪತ್ತು ಪಾಲು ನೀರು ಬೆರೆಸಿ ಟೊಮೆಟೊ ಬುಡಕ್ಕೆ ಹಾಕೋದು, ಮೊದಲ ಹೂವು ಕಾಯಿ ಕಟ್ಟಿದ ಮೇಲೆ. ನೀರಿನಲ್ಲಿ ನೆನೆಸುವ ವಿಧಾನವೂ ಇದೆ, ಒಂದು ಕಿಲೋ ಸೊಪ್ಪಿಗೆ ಹದಿನೈದು ಲೀಟರ್ ನೀರು, ಮುಚ್ಚಿ ನಾಲ್ಕೈದು ವಾರ. ಅದನ್ನು ಮತ್ತೆ ತೆಳು ಮಾಡೋದು ಬೇಡ, ಹಾಗೇ ಹಾಕಬಹುದು. ಆ ವಾಸನೆಗೆ ಸುತ್ತಲಿನ ತುಂಡಿನವರು ಮಾತು ಬಿಡ್ತಾರೆ.

ಮಾವ: ಜೀವಾಮೃತದ ಡ್ರಮ್ಮು ಇದರ ಮುಂದೆ ಶ್ರೀಗಂಧ ಮಾರಾಯ್ತಿ. ಒಂದು ಕೇಳ್ತೇನೆ. ಈ ಗಿಡ ಆಳದಿಂದ ಪೊಟ್ಯಾಷ್ ಎತ್ತಿ ತಂದುಕೊಡ್ತದೆ ಅಂತೀರಿ. ಕೊಟ್ಟದ್ದೆಲ್ಲ ಎಲ್ಲಿಂದಲೋ ತೆಗೆದದ್ದೇ ತಾನೆ? ನಮ್ಮ ಬೆಟ್ಟದಲ್ಲೂ ವರ್ಷ ವರ್ಷ ಸೊಪ್ಪು ಸವರಿ ಸವರಿ ಬೆಟ್ಟ ಬೋಳಾದದ್ದನ್ನು ಕಣ್ಣಾರೆ ಕಂಡವನು ನಾನು.

ಸೊಸೆ: ಅದನ್ನೇ ಇಲ್ಲಿ ಹೆಚ್ಚು ಜನ ಮರೀತಾರೆ. ಆಳದ ಬೇರು ಗಣಿಯ ಹಾಗೆ ಕೆಲಸ ಮಾಡ್ತದೆ ಅನ್ನೋ ಮಾತು ಬಾಯಿಂದ ಬಾಯಿಗೆ ಬಂದಷ್ಟು ಪರೀಕ್ಷೆಯಿಂದ ಬಂದದ್ದಲ್ಲ. ಎಲೆಯಲ್ಲಿ ಪೊಟ್ಯಾಷ್ ಇರೋದು ನಿಜ, ಅದು ಇದೇ ಮೂಲೆಯ ಮಣ್ಣಿನದ್ದು. ಗಾಳಿಯ ಸಾರಜನಕ ಹಿಡಿಯುವ ಶಕ್ತಿಯೂ ಇದಕ್ಕಿಲ್ಲ, ದ್ವಿದಳ ಧಾನ್ಯದ ಜಾತಿ ಅಲ್ಲವಲ್ಲ. ಹಾಗಾಗಿ ಇದಕ್ಕೇ ಮೊದಲು ಗೊಬ್ಬರ ಹಾಕಬೇಕು. ಬೇರೆ ತರಕಾರಿ ಸುಟ್ಟುಹೋಗುವಂಥ ಹಸಿ ಕೋಳಿಗೊಬ್ಬರವನ್ನೂ ಇದು ಅರಗಿಸಿಕೊಳ್ತದೆ. ನನ್ನ ಮಟ್ಟಿಗೆ ಇದರ ಲಾಭ ಅದೇ. ನೇರ ಹಾಕಲಿಕ್ಕೆ ಆಗದ ಗೊಬ್ಬರವನ್ನು ತಿಂದು, ಹಾಕಲಿಕ್ಕೆ ಆಗುವ ಸೊಪ್ಪು ಮಾಡಿ ಕೊಡ್ತದೆ.

ಮಾವ: ದನ ಮಾಡುವ ಕೆಲಸ.

ಸೊಸೆ: ಹ್ಞಾಂ, ಸಗಣಿ ಬಾಚುವ ಕೆಲಸ ಇಲ್ಲ.

ಮಾವ: ಮೊನ್ನೆ ನಿನ್ನ ಪಕ್ಕದ ಮನೆಯ ಮುದುಕಿ ನನ್ನ ಮಂಡಿ ನೋಡಿ, ಇದೇ ಎಲೆ ಅರೆದು ಹಚ್ಚು, ಕಷಾಯ ಕುಡಿ ಅಂದ್ಲಲ್ಲ. ನಮ್ಮ ಮಂಗರವಳ್ಳಿ ಹಾಗಾ ಇದು?

ಸೊಸೆ: ಯುರೋಪಿನಲ್ಲಿ ಮೂಳೆ ಮುರಿದವರಿಗೆ, ಉಳುಕಿದವರಿಗೆ ಕಟ್ಟುತ್ತಿದ್ದದ್ದು ನಿಜ. ಇದರಲ್ಲಿ ಅಲಂಟಾಯಿನ್ ಅನ್ನೋ ಅಂಶ ಇದೆ, ಚರ್ಮ ಕೂಡಿಕೊಳ್ಳಲಿಕ್ಕೆ ನೆರವಾಗ್ತದೆ. ಉಳುಕಿಗೆ ಮುಲಾಮು ಅಂಗಡಿಯಲ್ಲಿ ಸಿಗ್ತದೆ, ಗಾಯ ಇಲ್ಲದ ಚರ್ಮಕ್ಕೆ ಸ್ವಲ್ಪ ದಿನ ಹಚ್ಚಬಹುದು. ಕಷಾಯ ಮಾತ್ರ ಬೇಡವೇ ಬೇಡ. ಪಿರೊಲಿಜಿಡಿನ್ ಆಲ್ಕಲಾಯ್ಡ್ ಅಂತ ವಿಷ ಇದೆ, ಎಲೆಗಿಂತ ಬೇರಿನಲ್ಲಿ ಜಾಸ್ತಿ. ಅದು ಯಕೃತ್ತಿನ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡ್ತದೆ. 1978ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳಿಗೆ ಕಾಂಫ್ರಿ ತಿನ್ನಿಸಿ, ಯಕೃತ್ತಿನಲ್ಲಿ ಗಂತಿ ಆದದ್ದನ್ನು ತೋರಿಸಿದರು. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣದವರು, ಹೊಟ್ಟೆಗೆ ತೆಗೆದುಕೊಳ್ಳುವ ಕಾಂಫ್ರಿ ಮಾಲು ಮಾರಬೇಡಿ ಅಂತ ಕಂಪನಿಗಳಿಗೆ ಹೇಳಿದರು.

ಮಾವ: ಗೊಬ್ಬರದ ಸೊಪ್ಪಿಗೆ ಇಂಥ ವಿಷವಾ!

ಸೊಸೆ: ನಿಮ್ಮ ಗದ್ದೆಯ ಅಪ್ಸೆಣಬಿನ ಕುಲದಲ್ಲೂ ಇದೇ ಜಾತಿಯ ವಿಷ ಇದೆ ಮಾವ. ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸ್ತೀರಿ, ತಿನ್ನೋದಿಲ್ಲ, ಅದಕ್ಕೇ ಗೊತ್ತಾಗೋದಿಲ್ಲ. 1970ರ ದಶಕದ ನಡುವೆ ಮಧ್ಯಪ್ರದೇಶದ ಸರ್ಗುಜಾದಲ್ಲಿ, ಈಗ ಅದು ಛತ್ತೀಸಗಢ, ಆದಿವಾಸಿ ಹಳ್ಳಿಗಳಲ್ಲಿ ಜನ ಹೊಟ್ಟೆಗೆ ನೀರು ತುಂಬಿ ಸತ್ತರು. ಹುಡುಕಿದಾಗ, ಅವರು ಉಣ್ಣುವ ಸಾಮೆಯ ಜೊತೆ ಅಪ್ಸೆಣಬಿನ ಕುಲದ ಒಂದು ಕಳೆಯ ಬೀಜ ಬೆರೆತು ಬಂದಿತ್ತು. ವಿಷ ಒಮ್ಮೆಲೇ ಹೊಡೆಯೋದಿಲ್ಲ, ತಿಂಗಳುಗಟ್ಟಲೆ ಸೇರ್ತಾ ಹೋಗ್ತದೆ. ಅದಕ್ಕೇ 'ನಮ್ಮಜ್ಜಿ ಕುಡೀತಿದ್ದಳು, ಏನೂ ಆಗಲಿಲ್ಲ' ಅನ್ನೋ ಮಾತಿಗೆ ಬೆಲೆ ಇಲ್ಲ.

ಮಾವ: ಆ ಮುದುಕಿಗೂ ಹೇಳು ಇದನ್ನು.

ಸೊಸೆ: ಹೇಳಿದ್ದೇನೆ. ಇನ್ನೊಂದು ಅಪಾಯ ಇದೆ. ಹೂ ಬಿಡುವ ಮೊದಲು ಫಾಕ್ಸ್‌ಗ್ಲವ್ ಅನ್ನೋ ಹೂಗಿಡದ ಎಲೆ ಇದರ ಹಾಗೇ ಕಾಣ್ತದೆ, ಅದು ಹೃದಯಕ್ಕೇ ವಿಷ. ಕಾಂಫ್ರಿ ಅಂತ ಅದನ್ನು ಕಿತ್ತು ಚಹಾ ಮಾಡಿ ಕುಡಿದು ಸತ್ತವರಿದ್ದಾರೆ.

ಮಾವ: ಆದ್ರೂ ಒಂದು ಆಸೆ. ಎರಡು ಬೇರು ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಕೊಂಡು ಹೋದ್ರೆ ಹೇಗೆ? ಬಾಳೆ ಬುಡಕ್ಕೆ ಪೊಟ್ಯಾಷ್ ಬೇಕೇ ಬೇಕು.

ಸೊಸೆ: ಹಾಗೆ ಒಯ್ಯುವ ಹಾಗಿಲ್ಲ. ನೆಡುವ ಯಾವ ಗಿಡ, ಬೇರು, ಬೀಜ ಹೊರದೇಶದಿಂದ ತರೋದಾದ್ರೂ ಭಾರತದ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಪರವಾನಗಿ ಬೇಕು, ಇಲ್ಲಿಂದ ಆರೋಗ್ಯ ಪ್ರಮಾಣಪತ್ರ ಬೇಕು. ಲಂಟಾನ ಒಂದು ಕಾಲದಲ್ಲಿ ಯಾರೋ ಚೆಂದಕ್ಕೆ ಅಂತ ತಂದ ಹೂಗಿಡವೇ ಅಲ್ವಾ? ಇದು ತಂಪು ದೇಶದ ಗಿಡ ಬೇರೆ.

ಮಾವ: ಆಗಲಿ, ಬೇಡ ಬಿಡು. ನಮ್ಮ ಬೇಲಿಯ ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ಮಳೆಗಾಲದಲ್ಲಿ ಗೂಟ ಹುಗಿದ್ರೆ ಚಿಗುರ್ತದೆ. ಗಾಳಿಯ ಸಾರಜನಕವನ್ನು ಬೇರಿನಲ್ಲೇ ಹಿಡೀತದೆ, ಸೊಪ್ಪು ಕೇಳಿದಷ್ಟು ಕೊಡ್ತದೆ, ಮೂಗು ಮುಚ್ಚಿಕೊಳ್ಳುವ ಕೆಲಸ ಇಲ್ಲ. ನಿನ್ನ ಚಳಿಗೆ ಕಾಂಫ್ರಿ ಸರಿ. ನನ್ನ ಅಡಿಕೆಗೂ ಬಾಳೆಗೂ ಬೇಲಿಯ ಗಿಡವೇ ಸಾಕು.